ಮಳೆಗಾಲದಲ್ಲಿ ಎಂತ ಮಾಡ್ತೀರಿ?

ನಮ್ಮ ಕಡೆ ಮದುವೆ ಊಟದ ಹಂತಿಯಲ್ಲಿ ಕುಳಿತರೆ ಪಕ್ಕದವರು ಮೊದಲು ಕೇಳುವುದು ಈ ಸಲದ ಫಸಲು ಹೇಗೆ, ಎರಡನೆಯದು ಅಡಿಕೆಗೆ ರೇಟು ಎಷ್ಟು. ನನ್ನ ಹತ್ತಿರ ಮಾತ್ರ ಎರಡನ್ನೂ ಯಾರೂ ಕೇಳುವುದಿಲ್ಲ. ಎಲೆಗೆ ಉಪ್ಪು ಬೀಳುವ ಮೊದಲೇ ಶುರು: "ಅಲ್ಲ ಮಾರಾಯ, ಮಳೆಗಾಲದಲ್ಲಿ ಎಂತ ಮಾಡ್ತೀರಿ?"

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ, ನಮ್ಮ ಮನೆಯ ಪಕ್ಕದಲ್ಲೇ ನಾವೊಂದು ಸ್ಕೇಟಿಂಗ್ ರಿಂಕ್ ನಡೆಸುತ್ತೇವೆ. ಕಲಿಸುವುದು ನಾನು, ಶೂ ಕೋಣೆ ಹೆಂಡತಿಯದ್ದು, ಲೆಕ್ಕ ಅಪ್ಪನದ್ದು. ಅಮ್ಮನ ಕೆಲಸ ಏನೆಂದು ಆಮೇಲೆ ಹೇಳುತ್ತೇನೆ. ಮೊದಲು ಅದು ಅಡಿಕೆ ಅಂಗಳವಾಗಿತ್ತು. ಚಾಲಿ ಅಡಿಕೆ ಹದವಾಗಿ ಒಣಗಲು 40ರಿಂದ 45 ದಿನದ ಬಿಸಿಲು ಬೇಕು. ಸ್ಕೇಟಿಂಗಿಗೂ ಅದೇ ಬಿಸಿಲು, ಅದೇ ಅಂಗಳ. ಮೊದಲ ಎರಡು ವರ್ಷ ಅರ್ಧ ಅಂಗಳ ಅಡಿಕೆಗೆ, ಅರ್ಧ ಮಕ್ಕಳಿಗೆ ಎಂದು ನಡುವೆ ಹಗ್ಗ ಕಟ್ಟಿ ನೋಡಿದೆವು. ಹಗ್ಗ ಅಡಿಕೆಗೆ ಗೊತ್ತಾಗುವುದಿಲ್ಲ. ಉರುಳಿ ಬಂದ ಒಂದು ಅಡಿಕೆ ವೀಲಿನ ಅಡಿಗೆ ಸಿಕ್ಕಿದರೆ ಕಾಲು ಅಲ್ಲೇ ನಿಲ್ಲುತ್ತದೆ, ಆಸಾಮಿ ಮುಂದೆ ಹೋಗುತ್ತಾನೆ. ಕೊನೆಗೆ ಅಪ್ಪನೇ ಮೇಲಿನ ತಟ್ಟಿನಲ್ಲಿ ಬೇರೆ ಅಂಗಳ ಮಾಡಿಕೊಂಡರು. ಇದಕ್ಕೆ ಹೊಸ ಕಾಂಕ್ರೀಟು ಬಿತ್ತು, ಮೇಲೆ ಶೀಟು ಬಂತು.

ಪ್ರಶ್ನೆ ನ್ಯಾಯವಾದದ್ದೇ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಯಕ್ಷಗಾನದ ಮೇಳಗಳೇ ಗೆಜ್ಜೆ ಬಿಚ್ಚುತ್ತವೆ. ಹಾಗಿರುವಾಗ ಚಕ್ರ ಕಟ್ಟಿಕೊಂಡ ಮಕ್ಕಳನ್ನು ಇಟ್ಟುಕೊಂಡು ನಾನೇನು ಮಾಡಲಿಕ್ಕಿದೆ? ಕೇಳಿದವರು ಉತ್ತರವನ್ನೂ ತಾವೇ ಹೇಳುತ್ತಾರೆ: "ಶೀಟು ಹಾಕಿದ್ದೀರಲ್ಲ, ತೊಂದರೆ ಇರಲಿಕ್ಕಿಲ್ಲ."

ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಮಗೆ ತೊಂದರೆ ಕೊಡುವುದು ಮಳೆಯಲ್ಲ, ಮಳೆ ಬಿಟ್ಟ ಹೊಳವು.

ಜಡಿಮಳೆ ಹಿಡಿದ ದಿನ ರಿಂಕಿನ ಪಡುಬದಿಯಲ್ಲಿ ಒಂದಷ್ಟು ಎರಚಲು ಬೀಳುತ್ತದೆ. ಅಲ್ಲಿಗೆ ಟಾರ್ಪಾಲು ಇಳಿಸಿ, ನಾಲ್ಕು ಕೋನ್ ಇಟ್ಟು, ಆಚೆ ಹೋಗಬೇಡಿ ಎಂದರೆ ಆಯಿತು. ನಡುವಿನ ನೆಲ ಆರಿಯೇ ಇರುತ್ತದೆ. ಸಮಸ್ಯೆ ಬರುವುದು ಎಂಟು ದಿನ ಬಿಡದೆ ಹೊಯ್ದ ಮಳೆ ಒಂಬತ್ತನೇ ದಿನ ನಿಂತು, ಮೋಡ ಹರಿದು, ಮೈ ಮೇಲೆ ಬಿಸಿಲು ಬಿದ್ದಾಗ. ಅಷ್ಟು ದಿನ ತಣ್ಣಗಾಗಿ ಕುಳಿತ ಕಾಂಕ್ರೀಟಿನ ಮೇಲೆ ಬೆಚ್ಚಗಿನ, ನೀರು ತುಂಬಿದ ಗಾಳಿ ಬಂದು ತಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಚೆಂಬು ಬೆವರುವುದಿಲ್ಲವೇ, ಹಾಗೆ ಇಡೀ ನೆಲ ಬೆವರುತ್ತದೆ. ನೀರು ನಿಂತರೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ, ಉಸಿರು ಬಿಟ್ಟ ಕನ್ನಡಿಯ ಹಾಗೆ ಒಂದು ಮಬ್ಬು ಅಷ್ಟೇ. ಅದೇ ದಿನ ಬೆಳಿಗ್ಗೆ ಏಳಕ್ಕೆ ಫೋನುಗಳು ಶುರು: "ಇವತ್ತು ಹೊಳವಾಗಿದೆ, ತೆರೆದಿದ್ದೀರಲ್ಲ?"

ಮೂರನೇ ವರ್ಷದ ಜುಲೈಯಲ್ಲಿ ಇಂಥದ್ದೇ ಒಂದು ದಿನ ನಾನು ತೆರೆದೆ. ವಾರವಿಡೀ ಕಲೆಕ್ಟರ್ ರಜೆಯಲ್ಲಿ ಮನೆಯೊಳಗೆ ಕುಳಿತಿದ್ದ ಮಕ್ಕಳು ಓಡಿ ಬಂದರು. ಒಂಬತ್ತು ವರ್ಷದ ಹುಡುಗನೊಬ್ಬ ತಿರುವಿನಲ್ಲಿ ಜಾರಿ, ಕೈ ಊರಿ ಬಿದ್ದ. ಸ್ಕೇಟಿಂಗಿನಲ್ಲಿ ಹೆಚ್ಚಾಗಿ ಮುರಿಯುವುದು ಮಣಿಕಟ್ಟು. ಬೀಳುವಾಗ ಯಾರಾದರೂ ಕೈಯನ್ನೇ ಮುಂದೆ ಚಾಚುತ್ತಾರೆ. ಅವನದ್ದೂ ಅದೇ ಆಯಿತು. ಹೆಲ್ಮೆಟ್, ಮೊಣಕಾಲಿನ ಗಾರ್ಡ್ ಎಲ್ಲ ಕಡ್ಡಾಯ ಮಾಡಿದ್ದ ನಾನು ಮಣಿಕಟ್ಟಿನ ಗಾರ್ಡನ್ನು ಮಾತ್ರ ಬೇಕಿದ್ದವರು ಹಾಕಿ ಎಂದು ಬಿಟ್ಟಿದ್ದೆ. ಆಸ್ಪತ್ರೆಯ ಬೆಂಚಿನಲ್ಲಿ ಅವನ ತಾಯಿ ನನ್ನನ್ನು ಬೈಯಲಿಲ್ಲ. "ಇವತ್ತು ಮಳೆಯೇ ಇರಲಿಲ್ಲವಲ್ಲ" ಎಂದು ಎರಡು ಸಲ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಆ ಮೇಲೆ ಹುಚ್ಚು ಹಿಡಿದವನ ಹಾಗೆ ನೆಲದ ಬೆನ್ನು ಹಿಡಿದೆ. ಎರಡು ದೊಡ್ಡ ಸ್ಟ್ಯಾಂಡ್ ಫ್ಯಾನ್ ತಂದು ಬೀಸಿಸಿದೆ. ನೆಲ ಇನ್ನಷ್ಟು ಒದ್ದೆಯಾಯಿತು! ಹೊರಗಿನ ಹಸಿ ಗಾಳಿಯನ್ನು ತಂದು ತಂದು ತಣ್ಣಗಿನ ನೆಲಕ್ಕೆ ಬಡಿಸಿದರೆ ಇನ್ನೇನಾಗಬೇಕು. ಈಗ ಅಂಥ ದಿನ ನಾಲ್ಕೂ ಬದಿಯ ಟಾರ್ಪಾಲು ಇಳಿಸಿ, ಗಾಳಿ ತಡೆದು, ನೆಲ ತಾನಾಗಿ ಬೆಚ್ಚಗಾಗುವ ತನಕ ಕಾಯುತ್ತೇವೆ. ಕೆಲವೊಮ್ಮೆ ಮಧ್ಯಾಹ್ನಕ್ಕೆ ಆರುತ್ತದೆ, ಕೆಲವೊಮ್ಮೆ ಮರುದಿನಕ್ಕೂ ಇಲ್ಲ. ಕಾಂಕ್ರೀಟು ಹಾಕುವ ಮೊದಲು ಅಡಿಗೆ ದಪ್ಪದ ಪ್ಲಾಸ್ಟಿಕ್ ಹಾಸಿದ್ದರೆ ಮಣ್ಣಿನ ತೇವ ಮೇಲೇರುವುದಾದರೂ ತಪ್ಪುತ್ತಿತ್ತು. ಕೆಲಸ ಹಿಡಿದವರು ಅದೆಲ್ಲ ದಂಡ ಎಂದರು, ನಾವೂ ದುಡ್ಡು ಉಳಿಯಿತೆಂದು ಸುಮ್ಮನಾದೆವು. ನಿಮ್ಮಲ್ಲಿ ಯಾರಿಗಾದರೂ ರಿಂಕ್ ಮಾಡುವ ಯೋಚನೆ ಇದ್ದರೆ ಶೀಟಿನ ಬಣ್ಣ ಆಮೇಲೆ ಆರಿಸಿ, ಮೊದಲು ಪ್ಲಾಸ್ಟಿಕ್ ಹಾಸಿ.

ಈಗ ಅಮ್ಮನ ಕೆಲಸ. ಮನೆಯ ಜಗಲಿಯದ್ದು ಹಳೆಯ ರೆಡ್ ಆಕ್ಸೈಡ್ ನೆಲ. ಬೆಳಿಗ್ಗೆ ಬಾಗಿಲು ತೆಗೆದು ಅಮ್ಮ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ಹಿಂದೆ ತಿರುಗಿ ನೋಡುತ್ತಾರೆ. ಹೆಜ್ಜೆ ಮೂಡಿದ್ದರೆ ಒಳಗಿನಿಂದಲೇ ಕೂಗು: "ಇಂದು ಬೇಡ ಮಗಾ, ಜೆಗಿಲಿ ಬೆಗರಿದ್ದು." ಅದಕ್ಕೆ ಮೇಲ್ಮನವಿ ಇಲ್ಲ. ಅಂಗೈ ಊರಿ ನೋಡುವುದು, ಟಿಶ್ಯೂ ಒತ್ತಿ ನೋಡುವುದು ನನ್ನ ವಿಧಾನಗಳು. ಅವು ಅಮ್ಮನ ಮಾತನ್ನು ಸುಳ್ಳು ಮಾಡಿದ್ದು ನೆನಪಿಲ್ಲ.

ಉಳಿದ ಕೆಲಸವೆಲ್ಲ ಶೂ ಕೋಣೆಯದ್ದು. ನಮ್ಮಲ್ಲಿ ಬಾಡಿಗೆಗೆ 36 ಜೊತೆ ಇವೆ. ಒಂದೊಂದು ಜೊತೆಗೆ ಎಂಟು ವೀಲು, ವೀಲಿಗೆ ಎರಡರಂತೆ 16 ಬೇರಿಂಗು. ಒಟ್ಟು 576. ಎಲ್ಲವೂ 608 ನಂಬರಿನವು, ಒಳಗಿನ ತೂತು 8 ಮಿಲಿಮೀಟರ್, ಹೊರಗೆ 22. ಬಿಟ್ಟರೆ ಜುಲೈ ಮುಗಿಯುವುದರೊಳಗೆ ಅರ್ಧಕ್ಕೆ ತುಕ್ಕು. ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮೆಷಿನಿನ ಎಣ್ಣೆ ಒಂದೊಂದು ಹನಿ. ಒಮ್ಮೆ ದೊಡ್ಡ ಹುಡುಗರು ಮನೆಯಲ್ಲಿ ತೆಂಗಿನೆಣ್ಣೆ ಧಾರಾಳ ಇದೆಯಲ್ಲ ಎಂದು ಅದನ್ನೇ ಹಾಕಿಕೊಂಡರು. ಡಿಸೆಂಬರ್ ತನಕ ಜುಮ್ಮೆಂದು ಓಡಿತು. ಜನವರಿಯ ಒಂದು ಬೆಳಿಗ್ಗೆ, ಬಚ್ಚಲುಮನೆಯ ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟಿದ ಹೊತ್ತಿಗೆ, ಬೇರಿಂಗಿನೊಳಗೂ ಹೆಪ್ಪುಗಟ್ಟಿತ್ತು. ಚಕ್ರ ತಿರುಗಲೊಲ್ಲದು. ತೆಂಗಿನೆಣ್ಣೆಗೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವ ಚಾಳಿ ಉಂಟು, ಅದು ತಲೆಗೇ ಇರಲಿ.

ಬೂಟುಗಳಿಗೆ ಬೂಸ್ಟು ಹಿಡಿಯುವುದು ಇನ್ನೊಂದು ಗೋಳು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಸಾಲಾಗಿ ತೂಗುಹಾಕಿದ್ದೆವು, ತೆಂಗಿನಕಾಯಿ ಒಣಗುತ್ತದಲ್ಲ, ಇವೂ ಒಣಗಲಿ ಎಂದು. ಒಣಗಿದವು. ಅಂಟು ಬಿಟ್ಟು ಏಳು ಶೂಗಳ ಅಡಿಯೂ ಕಳಚಿತು. ಈಗ ಹಳೆಯ ಪೇಪರು ತುರುಕುತ್ತೇವೆ, ಅಷ್ಟೇ.

ನೆಲ ಬೆವರಿದ ದಿನ ಬಂದುಬಿಟ್ಟ ಮಕ್ಕಳನ್ನು ಓಡಿಸುವುದಿಲ್ಲ. ಶೂ ಇಲ್ಲದೆ ಚಾಪೆಯ ಮೇಲೆ ಬೀಳುವುದನ್ನು ಕಲಿಸುತ್ತೇನೆ: ಮೊಣಕಾಲು ಬಗ್ಗಿಸು, ಕೂರುವ ಹಾಗೆ ಬೀಳು, ಬೆರಳು ಮುಷ್ಟಿ ಮಾಡು. ಕನ್ನಡದಲ್ಲಿ ಹೇಳಿದರೆ ಅರ್ಧ ಮಕ್ಕಳು ಬಗ್ಗುತ್ತಾರೆ, ಮಲಯಾಳದಲ್ಲಿ "ಮುಟ್ಟ್ ಮಡಕ್ಕ್ ಮೋನೇ" ಎಂದರೆ ಉಳಿದರ್ಧ. ಆಮೇಲೆ ಎಲ್ಲರೂ ಸೇರಿ ಫೋನಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನ ಪುರುಷರ 3000 ಮೀಟರ್ ರಿಲೇ ನೋಡುತ್ತೇವೆ, ಎಷ್ಟನೇ ಸಲವೋ. 2023ರ ಅಕ್ಟೋಬರ್ 2ರಂದು ನಡೆದದ್ದು. ಕೊರಿಯಾದವನು ಗೆದ್ದೆನೆಂದು ಗೆರೆಗೆ ಮೊದಲೇ ಎರಡೂ ಕೈ ಎತ್ತುತ್ತಾನೆ, ಹಿಂದಿನಿಂದ ಬಂದ ತೈವಾನಿನವನು ಒಂದು ಕಾಲು ಮುಂದೆ ಚಾಚಿ 0.01 ಸೆಕೆಂಡಿನಲ್ಲಿ ಚಿನ್ನ ಒಯ್ಯುತ್ತಾನೆ. ಅದೇ ಓಟದಲ್ಲಿ ಕಂಚು ನಮ್ಮವರದ್ದು. ಮಹಿಳೆಯರ ರಿಲೇಯಲ್ಲೂ ಅವತ್ತೇ ಇನ್ನೊಂದು ಕಂಚು. ಕೈ ಎತ್ತುವ ಜಾಗ ಬಂದಾಗ ಮಕ್ಕಳೆಲ್ಲ ಒಟ್ಟಿಗೆ "ಅಯ್ಯೋ" ಅನ್ನುತ್ತಾರೆ, ಈ ಸಲವಾದರೂ ಎತ್ತದೆ ಇರಬಹುದೋ ಎಂಬ ಹಾಗೆ.

ದುಡ್ಡಿನ ಮಾತೂ ಕೇಳುತ್ತೀರಿ, ಹೇಳಿಬಿಡುತ್ತೇನೆ. ಜೂನ್‌ನಿಂದ ಆಗಸ್ಟ್ ತನಕ ಫೀಸು ಅರ್ಧ. ಆ ಮೂರು ತಿಂಗಳು ಕರೆಂಟು ಬಿಲ್ಲು ಕಟ್ಟುವುದು ಏಪ್ರಿಲ್, ಮೇ ರಜೆಯ ಮಕ್ಕಳು. ಅದೂ ಸಾಲದೆ ಬಂದರೆ ಅಪ್ಪನ ಅಡಿಕೆ. ಅವರದನ್ನು ಪ್ರತ್ಯೇಕ ಪುಸ್ತಕದಲ್ಲಿ, ಕೆಂಪು ಶಾಯಿಯಲ್ಲಿ ಬರೆದಿಡುತ್ತಾರೆ.

ಇನ್ನು ಬರುವವರಿಗೆ ಒಂದೇ ವಿನಂತಿ. ಮಳೆ ಹೊಯ್ಯುತ್ತಿದ್ದರೆ ಕೊಡೆ ಹಿಡಿದು ಸೀದಾ ಬನ್ನಿ. ಬಿಸಿಲು ಕಂಡರೆ ಮಾತ್ರ, ದಯವಿಟ್ಟು, ಹೊರಡುವ ಮೊದಲು ಮನೆಗೊಂದು ಫೋನ್ ಮಾಡಿ. ಅಮ್ಮ ಎತ್ತುತ್ತಾರೆ.