ಪೇನ್ಸ್‌ಹಿಲ್‌ನ ಹರಳಿನ ಗುಹೆ

ಲಂಡನ್ನಿಗೆ ಹತ್ತಿರ, ಸರ್ರೆಯ ಕಾಬಮ್‌ನಲ್ಲಿ ಪೇನ್ಸ್‌ಹಿಲ್ ಅಂತ ಒಂದು ತೋಟ ಇದೆ. ಹೋದ ವಾರ ಹೋಗಿದ್ದೆ, ಇನ್ನೂ ಅದೇ ಗುಂಗಿನಲ್ಲಿದ್ದೇನೆ. ತೋಟ ಅಂದರೆ ಸಾಲಾಗಿ ನೆಟ್ಟ ಹೂಗಿಡ ಅಲ್ಲ. ಕೆರೆ, ದಿಬ್ಬ, ಹುಲ್ಲು, ಮರ, ಎಲ್ಲಾ ತಾನಾಗೇ ಹುಟ್ಟಿದ ಹಾಗೆ ಕಾಣುತ್ತದೆ. ಆದರೆ ಎಲ್ಲವನ್ನೂ ಒಬ್ಬ ಮನುಷ್ಯ ಕೂತು ಯೋಚಿಸಿ ಮಾಡಿಸಿದ್ದು.

ಅವನು ಚಾರ್ಲ್ಸ್ ಹ್ಯಾಮಿಲ್ಟನ್. ದೊಡ್ಡ ಮನೆತನದವನೇ, ಆದರೆ 14ನೇ ಮಗು, ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೆ. 1738ರಲ್ಲಿ ಇಲ್ಲಿ ಜಮೀನು ಕೊಂಡ. ಮೋಲ್ ನದಿಯ ನೀರನ್ನು ಚಕ್ರದಿಂದ ಮೇಲಕ್ಕೆತ್ತಿಸಿ 14 ಎಕರೆಯ ಕೆರೆ ತುಂಬಿಸಿದ. ದಡದಲ್ಲಿ ಒಂದು ಪಾಳು ಮಠ ಇದೆ, ಅದನ್ನು ಪಾಳುಬಿದ್ದ ಹಾಗೇ ಹೊಸದಾಗಿ ಕಟ್ಟಿಸಿದ್ದು. ಇಟ್ಟಿಗೆ ಗೋಡೆಗೆ ಕಲ್ಲಿನಂತೆ ಕಾಣುವ ಗಾರೆ ಬಳಿಸಿದ್ದಾನೆ. ಇದೆಲ್ಲ ಸಾಲದ ಮೇಲೆ. ಕೊನೆಗೆ 1773ರಲ್ಲಿ ಇಡೀ ತೋಟವನ್ನೇ ಮಾರಬೇಕಾಯಿತು. 35 ವರ್ಷ ಬೆಳೆಸಿದ್ದನ್ನು ಬಿಟ್ಟು ಹೋಗೋದು ಎಷ್ಟು ಕಷ್ಟ, ಅಲ್ವಾ?

1948ರ ಹೊತ್ತಿಗೆ ತೋಟ ತುಂಡು ತುಂಡಾಗಿ ಮಾರಾಟವಾಯಿತು. ಪೊದೆ ಬೆಳೆದು ದಾರಿಗಳೇ ಮುಚ್ಚಿಹೋದವು. 1980ರಲ್ಲಿ ಅಲ್ಲಿನ ಸ್ಥಳೀಯ ಆಡಳಿತವಾದ ಎಲ್ಮ್‌ಬ್ರಿಜ್ ಕೌನ್ಸಿಲ್ 158 ಎಕರೆ ಕೊಂಡಿತು, ಮರುವರ್ಷ ಒಂದು ಟ್ರಸ್ಟ್ ಹುಟ್ಟಿತು. ಆಮೇಲೆ ಅವರು ಕೆಲಸ ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ಅಂದಾಜಿನ ಮೇಲೆ ಏನೋ ಒಂದು ಚೆಂದ ಕಟ್ಟಿಬಿಡಲಿಲ್ಲ. ನೆಲ ಅಗೆದು ಹಳೆಯ ಅಡಿಪಾಯ ಹುಡುಕಿದರು, ಉಳಿದ ಮರಗಳ ವಯಸ್ಸು ಲೆಕ್ಕ ಹಾಕಿದರು, ಆ ಕಾಲದಲ್ಲಿ ನೋಡಿಹೋದವರು ಬರೆದಿಟ್ಟದ್ದನ್ನು ಓದಿದರು, ಚಿತ್ರಗಳನ್ನು ಹಿಡಿದು ನೋಡಿದರು, ಆಮೇಲೇ ಗಾರೆಗೆ ಕೈ ಹಾಕಿದ್ದು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಾನು ನಿಂತದ್ದು ಹರಳಿನ ಗುಹೆಯಲ್ಲಿ. ಅದೂ ಮನುಷ್ಯ ಕಟ್ಟಿದ್ದೇ. ಸುಣ್ಣಕಲ್ಲಿನ ಗುಹೆಗಳಲ್ಲಿ ಇರುವ ಹಾಗೆ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕೊಂಬುಗಳು ಅಂತ ಕಾಣುವುದು ನಿಜಕ್ಕೂ ಮರದ ಚೌಕಟ್ಟು, ಅದರ ಮೇಲೆ ಸುಣ್ಣದ ಗಾರೆ, ಗಾರೆಗೆ ಒಂದೊಂದಾಗಿ ಕೈಯಿಂದ ಒತ್ತಿದ ಹರಳು. ಮುಖ್ಯ ಕೋಣೆಯ ಛಾವಣಿ ಕುಸಿದು ಎಲ್ಲಾ ನೆಲಕ್ಕೆ ಬಿದ್ದಿತ್ತು. ಅದನ್ನು ಮತ್ತೆ ಅದೇ ರೀತಿ, ಅದೇ ತಾಳ್ಮೆಯಿಂದ ಕಟ್ಟಿ 2013ರಲ್ಲಿ ಮುಗಿಸಿದರು. ಹತ್ತಿರ ಹೋಗಿ ನೋಡಿದೆ, ಬೆರಳಿನ ಉಗುರಿನಷ್ಟು ಚಿಕ್ಕ ಹರಳುಗಳೂ ಇವೆ. ಹೊರಗಿನ ಕೆರೆಯ ನೀರು ಅಲುಗಿದಾಗ ಬೆಳಕು ಕಿಂಡಿಯಿಂದ ಒಳಗೆ ಬಂದು ಛಾವಣಿಯ ಮೇಲೆಲ್ಲ ಓಡಾಡುತ್ತದೆ.

ಹೋಗುವುದಾದರೆ ಬಿಸಿಲಿರುವ ದಿನ ಹೋಗಿ. ಗುಹೆ ಇಡೀ ದಿನ ತೆರೆದಿರುವುದಿಲ್ಲ, ಬಾಗಿಲಲ್ಲೇ ಸಮಯ ಕೇಳಿಕೊಳ್ಳಿ.