ನಾಣ್ಯ ಹೇಳಿದಂತೆ ನಡೆಯುವ ಚುಕ್ಕಿ

ಮೂರು ರಾತ್ರಿಯಿಂದ ಕಂಪ್ಯೂಟರಿನಲ್ಲಿ ಒಂದು ಚುಕ್ಕಿಯನ್ನು ಓಡಾಡಿಸುತ್ತಿದ್ದೇನೆ. ಜಾಗ ಒಂದು ಚೌಕ. ಬಲಗಡೆ ಅಂಚು ದಾಟಿದರೆ ಎಡದಿಂದ ಒಳಗೆ ಬರಬೇಕು, ಮೇಲೆ ದಾಟಿದರೆ ಕೆಳಗಿನಿಂದ. ಇದೇ ಟೋರಸ್.

ನಿಯಮ ಎರಡೇ. ಚುಕ್ಕಿ (ಅ, ಬ)ದಲ್ಲಿದೆ ಅಂದುಕೊಳ್ಳಿ. ಹೆಡ್ ಬಿದ್ದರೆ (2ಅ+ಬ, ಅ+ಬ), ಟೇಲ್ ಬಿದ್ದರೆ (ಅ+ಬ, ಅ+2ಬ). ಪೂರ್ಣಾಂಕ ಬಿಟ್ಟು ಉಳಿದ ಭಾಗ ಇಟ್ಟುಕೊಂಡರೆ ಸಾಕು.

(1/5, 2/5)ರಿಂದ ಹೊರಟೆ. ಹೆಡ್ ಬಿದ್ದಾಗ (4/5, 3/5). ಮತ್ತೆ ಹೆಡ್, ವಾಪಸ್ ಹೊರಟಲ್ಲಿಗೇ! ನಾಣ್ಯ ಹೇಗೇ ಬೀಳಲಿ, ಛೇದ 5ನ್ನು ಮೀರುವುದಿಲ್ಲ. (0, 0) ಬಿಟ್ಟು ಉಳಿದ 24 ಜಾಗಗಳಲ್ಲೇ ಸುತ್ತಾಟ.

ಭಿನ್ನರಾಶಿಯೇ ಅಲ್ಲದ ಬಿಂದುವಿನಿಂದ ಹೊರಟರೆ? ಬರೀ ಹೆಡ್ ನಿಯಮವನ್ನೇ ಹಿಡಿದರೆ ಏನು ಬೇಕಾದರೂ ಆಗಬಹುದು. ಚೂರುಚೂರಾದ, ತೂತುತೂತಾದ ಆಕಾರಗಳಲ್ಲೇ ಸಿಕ್ಕಿಕೊಳ್ಳುವ ಬಿಂದುಗಳೂ ಇವೆ. ಆದರೆ ನಾಣ್ಯ ಬಂದ ಕೂಡಲೇ ಆ ಗೋಜಲೆಲ್ಲ ಮಾಯ. ಚುಕ್ಕಿ ಇಡೀ ಚೌಕವನ್ನು ಸಮನಾಗಿ ತುಂಬುತ್ತದೆ. ಅದೃಷ್ಟ ಸೇರಿದರೆ ಅಸ್ತವ್ಯಸ್ತ ಜಾಸ್ತಿಯಾಗಬೇಕಿತ್ತು, ಅಲ್ವಾ? ಇಲ್ಲಿ ಕಡಿಮೆಯಾಗುತ್ತದೆ. ನನ್ನನ್ನು ಹಿಡಿದಿಟ್ಟಿರುವುದು ಇದೇ.

ಟೋರಸ್ ಮೇಲೆ ಇದನ್ನು ಗಣಿತಜ್ಞರಾದ ಬುರ್ಗೇನ್, ಫರ್ಮನ್, ಲಿಂಡೆನ್‌ಸ್ಟ್ರಾಸ್, ಮೋಜೆಸ್ ಸಾಧಿಸಿದರು. ಬೆನ್ವಾ ಮತ್ತು ಕ್ವಿಂಟ್ 2011ರಲ್ಲಿ ಬೇರೆಯೇ ದಾರಿ ಹಿಡಿದು, ಲೀ ಗ್ರೂಪನ್ನು (ನಯವಾಗಿ ಬದಲಾಗುವ ಚಲನೆಗಳ ಗುಂಪು) ಅದರೊಳಗಿನ ಬಿಡಿಬಿಡಿ ಬಿಂದುಗಳ ಜಾಲವಾದ ಲ್ಯಾಟಿಸ್‌ನಿಂದ ಮಡಚಿದಾಗ ಸಿಗುವ ಜಾಗಗಳಿಗೂ ಇಂಥದ್ದೇ ಫಲಿತಾಂಶ ಕೊಟ್ಟರು. ಚುಕ್ಕಿ ಎಲ್ಲೆಲ್ಲಿ ಎಷ್ಟೆಷ್ಟು ಇರುತ್ತದೆ ಎಂಬ ಹಂಚಿಕೆಯೇ ಮೆಷರ್. ಎರಡು ನಿಯಮಗಳ ಸರಾಸರಿಯಲ್ಲಷ್ಟೇ ಬದಲಾಗದೆ ಉಳಿಯುವ ಮೆಷರ್‌ಗೆ ಸ್ಟೇಷನರಿ ಅಂತಾರೆ. ಅದು ಒಂದೊಂದು ನಿಯಮಕ್ಕೂ ಬೇರೆಬೇರೆಯಾಗಿ ಜಗ್ಗುವುದಿಲ್ಲ ಎಂದು ತೋರಿಸಿದ್ದು ಅವರು.

ಅವರ ದಾರಿಯ ತಿರುಳು ನನಗೆ ಕಂಡದ್ದು ಹೀಗೆ. ತೀರಾ ಹತ್ತಿರದ ಎರಡು ಚುಕ್ಕಿಗಳನ್ನು ಒಂದೇ ನಾಣ್ಯದಿಂದ ನಡೆಸಿ. ನಡುವಿನ ಕೂದಲೆಳೆ ಅಂತರ ಹೆಜ್ಜೆಹೆಜ್ಜೆಗೂ ಹಿಗ್ಗುತ್ತದೆ. ಅದು ಕಣ್ಣಿಗೆ ಕಾಣುವಷ್ಟಾದಾಗ ಎರಡೂ ಕಡೆ ಮೆಷರ್ ಒಂದೇ ತರ ಕಾಣಬೇಕು. ಅಂದರೆ ಅಷ್ಟು ದೂರ ಜರುಗಿಸಿದರೂ ಮೆಷರ್ ಬದಲಾಗುವುದಿಲ್ಲ. ಒಂದೇ ಮ್ಯಾಟ್ರಿಕ್ಸ್ (ಅಂದರೆ ಒಂದೇ ನಿಯಮ) ಇದ್ದರೆ ಹಿಗ್ಗುವ ದಿಕ್ಕೂ ಒಂದೇ. ಎರಡಿದ್ದರೆ ನಾಣ್ಯಕ್ಕೆ ತಕ್ಕಂತೆ ದಿಕ್ಕು ತಿರುಗುತ್ತದೆ. ಎಲ್ಲ ದಿಕ್ಕಿಗೂ ಜರುಗಿಸಿದರೂ ಬದಲಾಗದ ಮೆಷರ್ ಅಂದರೆ ಸಮನಾಗಿ ಹರಡಿದ್ದೊಂದೇ!

ನನ್ನ ಕಂಪ್ಯೂಟರಿನಲ್ಲಿರುವ ಸಂಖ್ಯೆಗಳೆಲ್ಲ ಭಿನ್ನರಾಶಿಗಳೇ. ಹಾಗಾಗಿ ನಾನು ನೋಡುತ್ತಿದ್ದ ಚುಕ್ಕಿ ನಿಜಕ್ಕೂ ಸುತ್ತಾಡುತ್ತಿದ್ದದ್ದು ಎಣಿಸಬಹುದಾದಷ್ಟು ಜಾಗಗಳಲ್ಲೇ. ಇದು ಹೊಳೆದದ್ದು ಮೂರನೇ ರಾತ್ರಿ. ಬೇಕೆಂದೇ ಛೇದ 1009 ಇಟ್ಟು ಮತ್ತೆ ಓಡಿಸಿದೆ. ಈಗ ಮುಟ್ಟಬಹುದಾದ ಜಾಗಗಳು 10,18,080. ಪರದೆ ಸಮನಾಗಿ ತುಂಬಿಕೊಂಡಿತು.