ಕಾದಂಬರಿ ಎಲ್ಲಿಗೆ ಬಂತು: ಬೇಳದ ಹುಡುಗಿ, ಜೆಪ್ಪುವಿನ ಹುಡುಗ

ಜೂನ್ 15

ಒಟ್ಟು 14,200 ಪದ. ಹೋದ ತಿಂಗಳಿಗಿಂತ 1,800 ಕಡಿಮೆ. ಲೆಕ್ಕ ತಪ್ಪಿಲ್ಲ, ನಾಲ್ಕನೇ ಅಧ್ಯಾಯವನ್ನು ಪೂರ್ತಿ ಅಳಿಸಿದೆ.

ಹೊಸದಾಗಿ ಓದುವವರಿಗೆ ಒಂದು ಮಾತು. ಕಥೆ ನಡೆಯುವುದು ಕಾಸರಗೋಡಿನ ಬೇಳದಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಕಡೆ. ಅಲ್ಲಿ 1890ರ ಶೋಕಮಾತೆಯ ಇಗರ್ಜಿ, ಅಂದರೆ ಚರ್ಚು, ಇದೆ. ಸಿಸಿಲಿಯಾ ಅಲ್ಲಿನ ಕೊಂಕಣಿ ಕಥೊಲಿಕ್ ಮನೆಯವಳು. ಡೇವಿಡ್ ಮಂಗಳೂರಿನ ಜೆಪ್ಪುವಿನ ಪ್ರೊಟೆಸ್ಟೆಂಟ್. ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರಲ್ಲ, ಅವನ ಹಿರಿಯರು ಅದರಲ್ಲಿ ದುಡಿದವರು. ಇಬ್ಬರೂ ಕ್ರೈಸ್ತರೇ ಅಲ್ವಾ, ಮತ್ತೇನು ತಕರಾರು ಅಂತ ಕೇಳುವವರು ನಮ್ಮ ಕಡೆಯ ಅಜ್ಜಿಯಂದಿರನ್ನು ನೋಡಿಲ್ಲ.

ಅಳಿಸಿದ ಅಧ್ಯಾಯದಲ್ಲಿ ಸಿಸಿಲಿಯಾ ಇಗರ್ಜಿಯಲ್ಲಿ ಮೊಣಕಾಲೂರಿ ಅಳುತ್ತಾಳೆ. ಹೊರಗೆ ಬಂದರೆ ಮಳೆಯಲ್ಲಿ ಡೇವಿಡ್ ಕೊಡೆ ಹಿಡಿದು ನಿಂತಿದ್ದಾನೆ. ನನ್ನ ನಾದಿನಿ ಓದಿ, ದೇವರನ್ನು ಮದುವೆ ಬ್ರೋಕರ್ ಮಾಡಿಬಿಟ್ಟಿದ್ದೀಯಲ್ಲ ಅಂದಳು. ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅಳಿಸಿದೆ.

ಜೂನ್ 30

ಪದ ಏರಲಿಲ್ಲ. ಮಳೆ, ಕರೆಂಟಿಲ್ಲ, ಮೊಬೈಲಿನಲ್ಲಿ ಚಾರ್ಜಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಇನ್ನೂ ಟೈಪ್ ಮಾಡಬೇಕು.

ಮನೆಯಲ್ಲಿ ಕೊಂಕಣಿ ಮಾತಾಡುವವಳು ಕನ್ನಡದಲ್ಲಿ ಯಾಕೆ ಬರೆಯುತ್ತೀ ಅಂತ ಮತ್ತೆ ಒಬ್ಬರು ಕೇಳಿದರು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಕ್ರಿಸ್ತನ ಕೊನೆಯ ದಿನದ ಬಗ್ಗೆ ಅವರು ‘ಗೊಲ್ಗೊಥಾ’ ಬರೆದದ್ದು ಕನ್ನಡದಲ್ಲಿ. ನನ್ನದು ಅಷ್ಟು ದೊಡ್ಡ ಕೆಲಸ ಅಲ್ಲ, ದಾರಿ ಅದೇ.

ಜುಲೈ 19

15,900 ಪದ. ಈ ಸಲ ಖುಷಿ ಇದೆ.

ಡೇವಿಡ್ ಮೊದಲ ಸಲ ಸಿಸಿಲಿಯಾಳ ಮನೆಗೆ ಬರುತ್ತಾನೆ. ಸಂಜೆ ಏಳು ಗಂಟೆ, ತೇರ್ಸ್ ಹೊತ್ತು, ಅಂದರೆ ಜಪಮಾಲೆಯ ಹೊತ್ತು. ಅಜ್ಜಿ ಅವನನ್ನೂ ಕೂರಿಸುತ್ತಾರೆ. ಅವನು ಯೇಸುವಿನ ತಾಯಿ ಮರಿಯಮ್ಮನಿಗೆ ಪ್ರಾರ್ಥಿಸಿ ಬೆಳೆದವನಲ್ಲ. ಸುಮ್ನೆ ಬಾಯಾಡಿಸಿದರೆ ಸುಳ್ಳಾಗುತ್ತದೆ, ಎದ್ದು ಹೋದರೆ ಅಗೌರವ. ಇಲ್ಲಿ ಎರಡು ವಾರ ಸಿಕ್ಕಿಬಿದ್ದಿದ್ದೆ. ಕೊನೆಗೆ ನಮ್ಮ ಮನೆಯ ತೇರ್ಸ್‌ನಲ್ಲೇ ಮಣಿ ಎಣಿಸುತ್ತಾ ಕೂತಾಗ ಹೊಳೆಯಿತು. ಐದು ಸುತ್ತಿನ ಜಪಮಾಲೆಯಲ್ಲಿ ‘ನಮೋ ಮರಿಯಾ’ 53 ಸಲ ಬರುತ್ತದೆ, ಯೇಸುವೇ ಕಲಿಸಿದ ಪ್ರಾರ್ಥನೆ 6 ಸಲ. ಆ ಆರು ಅವನದೂ ಹೌದು!

ಹಾಗಾಗಿ 53 ಸಲ ಅವನು ತಲೆ ತಗ್ಗಿಸಿ ಸುಮ್ಮನಿರುತ್ತಾನೆ. ಆರು ಸಲ ಅವನ ದನಿ ಏಳುತ್ತದೆ. ಅವರು ಕೊಂಕಣಿಯಲ್ಲಿ, ಇವನು ಕನ್ನಡದಲ್ಲಿ. ಅಷ್ಟೇ ಅಲ್ಲ, ಕಥೊಲಿಕರು ‘ಕೇಡಿನಿಂದ ತಪ್ಪಿಸು’ ಅನ್ನುವಲ್ಲಿ ನಿಲ್ಲಿಸುತ್ತಾರೆ. ಪ್ರೊಟೆಸ್ಟೆಂಟರು ‘ರಾಜ್ಯವೂ ಬಲವೂ ಮಹಿಮೆಯೂ’ ಅಂತ ಮುಂದುವರಿಸುತ್ತಾರೆ. ಎಲ್ಲರೂ ನಿಲ್ಲಿಸಿದ ಮೇಲೆ ಡೇವಿಡನ ದನಿ ಒಂದೇ ಉಳಿಯುತ್ತದೆ. ಮೊದಲ ಸಲ ಅವನಿಗೆ ನಾಚಿಕೆ. ಎರಡನೇ ಸಲ ಚಿಕ್ಕ ತಮ್ಮ ಕಿಸಕ್ಕನೆ ನಗುತ್ತಾನೆ. ಮೂರನೇ ಸಲ ಅಜ್ಜಿ ಮುಂದಿನ ಮಣಿ ಹಿಡಿದು, ಅವನು ಮುಗಿಸುವ ತನಕ ಕಾಯುತ್ತಾರೆ.

ಸಿಸಿಲಿಯಾ ಅವನನ್ನು ಇಷ್ಟಪಟ್ಟದ್ದು ಅಲ್ಲಿ ಅಂತ ನಾನು ಎಲ್ಲೂ ಬರೆದಿಲ್ಲ. ನಾದಿನಿ ತಾನಾಗಿಯೇ ಹೇಳಿದಳು.

ಜುಲೈ 31

ನನ್ನ ಮೂಲ ಪ್ಲಾನಿನಲ್ಲಿ ಕೊನೆಗೆ ಡೇವಿಡ್ ಕಥೊಲಿಕ್ ಆಗುತ್ತಿದ್ದ. ಈ ಥರದ ಕಥೆಗಳಲ್ಲಿ ಹೆಚ್ಚಾಗಿ ಹಾಗೆಯೇ, ಮನಸ್ಸು ಬದಲಾಯಿತು, ಗಂಟೆ ಹೊಡೆಯಿತು, ಶುಭಂ. ಒಬ್ಬ ಪಾದ್ರಿಯವರನ್ನು ಕೇಳಿದೆ. ಮದುವೆಗೆ ಡೇವಿಡ್ ಕಥೊಲಿಕ್ ಆಗಬೇಕಾಗಿಯೇ ಇಲ್ಲವಂತೆ. 1983ರ ಕಥೊಲಿಕ್ ಧರ್ಮಸಭೆಯ ಕಾನೂನಿನ ಪ್ರಕಾರ ಬಿಷಪರ ಅನುಮತಿ ಬೇಕು. ಮಕ್ಕಳಿಗೆ ಕಥೊಲಿಕ್ ದೀಕ್ಷಾಸ್ನಾನ ಕೊಡಿಸಿ ಹಾಗೆಯೇ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆ ಅಂತ ಸಿಸಿಲಿಯಾ ಮಾತು ಕೊಡಬೇಕು. ಅವನು ಮಾತು ಕೊಡಬೇಕಿಲ್ಲ, ಅವಳು ಕೊಟ್ಟ ಮಾತು ಅವನಿಗೆ ತಿಳಿದಿರಬೇಕು.

ಅಂದರೆ ಕಷ್ಟ ಪೂರ್ತಿ ಅವಳ ತಲೆಗೆ ಬಂತು. ಇಷ್ಟು ದಿನ ಅವನ ಮನಸ್ಸಿನ ಹೋರಾಟ ಬರೆಯುತ್ತಿದ್ದೆ, ಬರೆಯಬೇಕಾದದ್ದು ಇವಳದ್ದು. ಏಳು ಮತ್ತು ಎಂಟನೇ ಅಧ್ಯಾಯ ಮತ್ತೆ ಶುರುವಿನಿಂದ.

ಆಗಸ್ಟ್ 17

19,300 ಪದ.

ಪ್ರೇಮದ ದೃಶ್ಯ ಎಷ್ಟರ ತನಕ ಹೋಗಬಹುದು ಅಂತ ಓದುವ ಗೆಳತಿಯರಲ್ಲಿ ಜಗಳ. ನಾನು ಬೈಬಲ್ ತೆಗೆದೆ. ಅದರಲ್ಲಿನ ಪ್ರೇಮಕಾವ್ಯ ಪರಮಗೀತ ಎಂಟು ಅಧ್ಯಾಯ, ಅದನ್ನು ಜೋರಾಗಿ ಓದಿ ಅಂದರೆ ಜಗಳ ಮಾಡಿದವರೇ ನಾಚಿಕೊಂಡರು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೈಬಲಿನದೇ ರೂತಳ ಕಥೆ. ಬರೀ ನಾಲ್ಕು ಅಧ್ಯಾಯ. ರಾತ್ರಿ ಕಣದಲ್ಲಿ ಜವೆಗೋದಿಯ ರಾಶಿಯ ಪಕ್ಕ ಹೊಲದ ಯಜಮಾನ ಬೋವಜ ಮಲಗಿದ್ದಾನೆ, ಅವಳು ಮೆಲ್ಲಗೆ ಬಂದು ಕಾಲ ಬಳಿ ಮಲಗುತ್ತಾಳೆ. ನಮ್ಮಲ್ಲಿ ಕಣ ಎಲ್ಲಿ? ಅಡಿಕೆ ಅಂಗಳ ಇದೆ. ಏಪ್ರಿಲ್ ರಾತ್ರಿ, ಒಣಗಲು ಹಾಕಿದ ಅಡಿಕೆ, ದಿಢೀರ್ ಮಳೆ. ಇಬ್ಬರೂ ಕತ್ತಲಲ್ಲಿ ಟರ್ಪಾಲಿನ ಎರಡು ತುದಿ ಹಿಡಿದು ಓಡುತ್ತಾರೆ. ಕೈ ಮುಟ್ಟುವುದು ಒಂದೇ ಸಲ, ಅದೂ ಕಲ್ಲು ಇಡುವಾಗ. ಗೆಳತಿಯರ ಎರಡೂ ಪಾರ್ಟಿ ಒಪ್ಪಿತು.

ಮುಂದಿನದು ಮೊಂತಿ ಹಬ್ಬದ, ಅಂದರೆ ಮರಿಯಮ್ಮನ ಹುಟ್ಟುಹಬ್ಬದ ದೃಶ್ಯ. ಸೆಪ್ಟೆಂಬರ್ 8, ಮಕ್ಕಳ ತಟ್ಟೆಯಲ್ಲಿ ಹೂ, ಹೊಸ ತೆನೆಯ ಆಶೀರ್ವಾದ. ಡೇವಿಡನ ಅಮ್ಮ ಬೇಳಕ್ಕೆ ಬರುತ್ತಾರೆ. ಮರಿಯಮ್ಮನ ಮುಂದೆ ಹೂ ಹಾಕಲಿಕ್ಕಿಲ್ಲ, ತೆನೆ ತೆಗೆದುಕೊಳ್ಳುತ್ತಾರಾ? ಜೆಪ್ಪು ಕಡೆಯ ಪ್ರೊಟೆಸ್ಟೆಂಟ್ ಅತ್ತೆಯೊಬ್ಬರು ನಮ್ಮ ಪಕ್ಕದ ಮನೆಗೆ ಆಗಾಗ ಬರುತ್ತಾರೆ. ಮುಂದಿನ ವಾರ ಬಂದಾಗ ಅವರನ್ನೇ ಕೇಳಬೇಕು.